ಗಡಿನಾಡಿನ ಬಿಸಿಲು, ಗುಂಯ್ಗುಡುವ ಕಂಪ್ಯೂಟರು

ಹೋಳಿ ಹುಣ್ಣಿಮೆ ದಾಟಿ ಬಿಸಿಲು ಬಲಿಯತೊಡಗಿತೆಂದರೆ ಕಂಪ್ಯೂಟರ್ ರಿಪೇರಿ ಅಂಗಡಿಗಳಿಗೆ ಬರುವ ದೂರು ಹೆಚ್ಚುಕಡಿಮೆ ಒಂದೇ. ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ದಾಮರಗಿದ್ದ, ಮಕ್ತಲ್ ಇರಲಿ, ಪಕ್ಕದ ಗದ್ವಾಲ ಇರಲಿ, ಗಡಿಯಾಚೆ ಕರ್ನಾಟಕದ ಗುರುಮಠಕಲ್, ಯಾದಗಿರಿ, ರಾಯಚೂರು ಇರಲಿ, ಮಾತು ಬದಲಾಗುವುದಿಲ್ಲ: "ಸಿಪಿಯು ಸಿಕ್ಕಾಪಟ್ಟೆ ಸದ್ದು ಮಾಡ್ತದ, ಮಧ್ಯಾಹ್ನ ಆದ್ರ ತಾನೇ ಬಂದ್ ಆಗ್ತದ." ಸರ್ಕಾರಿ ಸೇವೆಗಳ ಮೀಸೇವಾ ಕೇಂದ್ರ, ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ, ಬೀಜ-ಗೊಬ್ಬರದ ಅಂಗಡಿಯ ಬಿಲ್ಲಿಂಗ್ ಮೇಜು, ಶಾಲೆಯ ಕಂಪ್ಯೂಟರ್ ಕೋಣೆ, ಎಲ್ಲ ಕಡೆಯಿಂದಲೂ ಇದೇ ಅಳಲು. ಶಾಲೆ-ಕಾಲೇಜು ಸೇರುವ ಮಕ್ಕಳಿಗೆ ಜಾತಿ, ಆದಾಯ ಪ್ರಮಾಣಪತ್ರ ಬೇಕಾಗುವುದೂ ಮೇ-ಜೂನ್ ತಿಂಗಳಲ್ಲೇ. ಯಂತ್ರಕ್ಕೆ ಕೆಲಸ ಹೆಚ್ಚುವ ಹೊತ್ತು, ಕೋಣೆ ಕಾಯುವ ಹೊತ್ತು ಎರಡೂ ಕೂಡಿಯೇ ಬರುತ್ತವೆ.

ಇದಕ್ಕೆ ಸಿಗುವ ಸಲಹೆ ಎರಡು ಬಗೆಯದು. ಅಂಗಡಿಯವರದು ಚಿಕ್ಕದು: ಒಮ್ಮೆ ಬ್ಲೋವರ್ ಹಿಡಿದು ಊದುವುದು, ವಿಂಡೋಸ್ ಹೊಸದಾಗಿ ಹಾಕುವುದು, ಅದಕ್ಕೂ ಬಗ್ಗದಿದ್ದರೆ "ಮದರ್‌ಬೋರ್ಡ್ ಹೋಗ್ಯಾದ" ಎನ್ನುವುದು. ಇನ್ನೊಂದು ತಂಪು ದೇಶಗಳಿಂದ ಬಂದದ್ದು: ಸದ್ದಿಲ್ಲದ ದುಬಾರಿ ಫ್ಯಾನ್, ನೀರು ಹರಿಸಿ ತಂಪು ಮಾಡುವ ಕೂಲರ್, ಕ್ಯಾಬಿನೆಟ್ಟಿನ ಒಳಗೋಡೆಗೆ ಸದ್ದು ಹೀರುವ ಸ್ಪಂಜು. ಇವೆರಡೂ ಯಂತ್ರವನ್ನಷ್ಟೇ ನೋಡುತ್ತವೆ, ಅದು ಕೂತಿರುವ ಕೋಣೆಯನ್ನು ನೋಡುವುದಿಲ್ಲ. ಈ ಸೀಮೆಯ ಮಟ್ಟಿಗೆ ಚಿಕಿತ್ಸೆಯ ಸರದಿಯೇ ಬೇರೆ: ಮೊದಲು ಕೋಣೆ, ಆಮೇಲೆ ಧೂಳು ಮತ್ತು ಗಾಳಿಯ ದಾರಿ, ಆಮೇಲೆ ಯಂತ್ರದ ಮೇಲಿನ ಹೊರೆ, ಎಲ್ಲದರ ಕೊನೆಗೆ ಬಿಡಿಭಾಗ. ಸದ್ದನ್ನು ಅಡಗಿಸುವ ಅವಸರ ಮಾತ್ರ ಬೇಡ. ರೋಗ ಎಲ್ಲಿದೆಯೆಂದು ಪುಕ್ಕಟೆಯಾಗಿ ತಿಳಿಸುವುದು ಅದೊಂದೇ.

ಕಾವು ಹುಟ್ಟುವುದು ಎಲ್ಲಿ

ಕಂಪ್ಯೂಟರಿನೊಳಗೆ ಹೋದ ವಿದ್ಯುತ್ತು ಹೆಚ್ಚುಕಡಿಮೆ ಎಲ್ಲವೂ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. 100 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ 10 ತಾಸು ಓಡಿದರೆ ಒಂದು ಯೂನಿಟ್ ವಿದ್ಯುತ್ತು ಖರ್ಚಾಗುತ್ತದೆ, ಅಷ್ಟೂ ಕಾವು ಕೋಣೆಗೆ ಸೇರುತ್ತದೆ. ಹಿಂದಿನಿಂದಲೂ ಇದು ಬಿಡದ ಕಾಟ. 1946ರಲ್ಲಿ ಅಮೆರಿಕದಲ್ಲಿ ಜನರ ಮುಂದೆ ತೆರೆದ ಎನಿಯಾಕ್‌ನಲ್ಲಿ ಸುಮಾರು 18,000 ವಾಲ್ವುಗಳಿದ್ದವು. ಅದು ನುಂಗುತ್ತಿದ್ದದ್ದು 150 ಕಿಲೋವ್ಯಾಟ್‌ನಷ್ಟು, ಗಾಳಿ ಬೀಸಲು ಪ್ರತ್ಯೇಕ ಬ್ಲೋವರ್‌ಗಳು ಬೇಕಾಗಿದ್ದವು. ಆಮೇಲೆ ಯಂತ್ರಗಳು ಕುಗ್ಗಿ ಮೇಜಿಗೆ ಬಂದವು. 1984ರಲ್ಲಿ ಭಾರತದ ಶಾಲೆಗಳಿಗೆ ಕ್ಲಾಸ್ ಯೋಜನೆಯಡಿ ಬಂದ ಬಿಬಿಸಿ ಮೈಕ್ರೋ ಕಂಪ್ಯೂಟರಿನಲ್ಲಿ ಫ್ಯಾನೇ ಇರಲಿಲ್ಲ. ಫ್ಯಾನಿಲ್ಲದೆ ನಡೆಸುವ ಹಟ ಎಲ್ಲರಿಗೂ ಒಗ್ಗಲಿಲ್ಲ. 1980ರ ಆಪಲ್ 3 ಸದ್ದು ಮಾಡಬಾರದೆಂದು ಫ್ಯಾನಿಲ್ಲದೆ ಮಾರುಕಟ್ಟೆಗೆ ಬಂತು. ಅದರೊಳಗಿನ ಚಿಪ್‌ಗಳು ಕೂರುವ ಕುಳಿಯಿಂದ ಸಡಿಲವಾಗಿ, ಆ ಮಾದರಿಯ ಹೆಸರೇ ಕೆಟ್ಟಿತು. ಬಿಸಿಗೆ ದಾರಿ ಕೊಡದೆ ಸದ್ದು ನಿಲ್ಲಿಸಹೋದರೆ ಏನಾಗುತ್ತದೆ ಎಂಬುದಕ್ಕೆ ಆ ಯಂತ್ರವೇ ಸಾಕ್ಷಿ.

1993ರ ಪೆಂಟಿಯಂ ಕಾಲದಿಂದ ಪ್ರೊಸೆಸರ್ ತಲೆಯ ಮೇಲೆ ಫ್ಯಾನ್ ಕೂರುವುದು ರೂಢಿಯಾಯಿತು. ಟ್ರಾನ್ಸಿಸ್ಟರ್ ಸಣ್ಣದಾದಂತೆ ಅದು ನುಂಗುವ ವಿದ್ಯುತ್ತೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ ಎಂಬ ಸೂತ್ರವನ್ನು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ಮುಂದಿಟ್ಟಿದ್ದರು. ಮೂರು ದಶಕ ನಡೆದ ಆ ಸೂತ್ರ 2005ರ ಆಸುಪಾಸಿನಲ್ಲಿ ಕೈಕೊಟ್ಟಿತು. 2004ರ ಪೆಂಟಿಯಂ 4ರ ಕೆಲವು ಮಾದರಿಗಳು 115 ವ್ಯಾಟ್ ಮುಟ್ಟಿದ್ದವು. ಅದೇ ವರ್ಷದ ಮೇ ತಿಂಗಳಲ್ಲಿ ಇಂಟೆಲ್ ತನ್ನ ಮುಂದಿನ ತೇಜಸ್ ಯೋಜನೆಯನ್ನೇ ಕೈಬಿಟ್ಟು, ಒಂದು ಚಿಪ್ಪಿನಲ್ಲಿ ಹಲವು ಕೋರ್‌ಗಳ ದಾರಿ ಹಿಡಿಯಿತು. 2006ರ ಕೋರ್ 2 ಡ್ಯುಯೊ 65 ವ್ಯಾಟ್‌ಗೆ ಇಳಿದಾಗ ಕಾಟ ತೀರಿತೆನಿಸಿತ್ತು. ಈಗ ಅದು ಬೇರೆ ವೇಷದಲ್ಲಿ ಬಂದಿದೆ. ಕೋರ್ ಐ5-12400ರ ಮೇಲೆ 65 ವ್ಯಾಟ್ ಎಂದಿದ್ದರೂ, ಟರ್ಬೊ ವೇಗಕ್ಕೆ ಏರಿದಾಗ ಅದು 117 ವ್ಯಾಟ್‌ವರೆಗೆ ಎಳೆಯಬಹುದೆಂದು ಇಂಟೆಲ್ಲೇ ಹೇಳುತ್ತದೆ. ಫೈಲು ತೆರೆಯುವ ಗಳಿಗೆಯಲ್ಲಿ ಫ್ಯಾನ್ ಥಟ್ಟನೆ ಕೂಗಿ ಸುಮ್ಮನಾಗುವುದು ಈ ಏರಿಳಿತದಿಂದಲೇ.

35ರ ಗೆರೆ

ಚಿಪ್ಪಿನಲ್ಲಿ ಹುಟ್ಟಿದ ಕಾವು ಅದರ ಮೇಲೆ ಹಚ್ಚಿದ ಪೇಸ್ಟಿಗೆ, ಪೇಸ್ಟಿನಿಂದ ಲೋಹದ ಹಾಳೆಗಳ ಹೀಟ್ ಸಿಂಕ್‌ಗೆ, ಅಲ್ಲಿಂದ ಫ್ಯಾನ್ ಬೀಸುವ ಗಾಳಿಗೆ, ಗಾಳಿಯಿಂದ ಕೋಣೆಗೆ, ಕೋಣೆಯಿಂದ ಹೊರಕ್ಕೆ ಹೋಗಬೇಕು. ಒಂದೇ ಹೊರೆ, ಒಂದೇ ಫ್ಯಾನ್ ವೇಗ ಇದ್ದಾಗ ಚಿಪ್ಪಿನ ತಾಪಕ್ಕೂ ಒಳಗೆ ಬರುವ ಗಾಳಿಯ ತಾಪಕ್ಕೂ ನಡುವಿನ ಅಂತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆ ಅಂತರ 40 ಡಿಗ್ರಿ ಎಂದಿಟ್ಟುಕೊಳ್ಳೋಣ. 25 ಡಿಗ್ರಿಯ ಕೋಣೆಯಲ್ಲಿ ಚಿಪ್ 65ರಲ್ಲಿ ನೆಮ್ಮದಿಯಾಗಿರುತ್ತದೆ. ಅದೇ ಯಂತ್ರ 42 ಡಿಗ್ರಿಯ ಕೋಣೆಯಲ್ಲಿ 82 ಮುಟ್ಟುತ್ತದೆ. ಕ್ಯಾಬಿನೆಟ್ಟಿನ ಒಳಗಾಳಿ ಕೋಣೆಗಿಂತ ಐದಾರು ಡಿಗ್ರಿ ಹೆಚ್ಚಿದ್ದರೆ 88. ಇದರ ಮೇಲೆ ಧೂಳು ಕಟ್ಟಿ ಅಂತರ ಇನ್ನೊಂದು 10 ಡಿಗ್ರಿ ಹಿಗ್ಗಿತೆಂದರೆ 98. ಬಹಳಷ್ಟು ಇಂಟೆಲ್ ಪ್ರೊಸೆಸರ್‌ಗಳಿಗೆ 100 ಡಿಗ್ರಿಯ ಸುಮಾರೇ ಕೊನೆಯ ಗೆರೆ. ಅಲ್ಲಿಗೆ ಬಂದ ಚಿಪ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಅದಕ್ಕೂ ತಡೆಯದಿದ್ದರೆ ಯಂತ್ರ ಬಂದ್ ಆಗುತ್ತದೆ. "ಹ್ಯಾಂಗ್ ಆಗ್ತದ" ಎಂದು ಫಾರ್ಮ್ಯಾಟ್ ಮಾಡಿಸಿದ ಎಷ್ಟೋ ಯಂತ್ರಗಳಲ್ಲಿ ನಡೆದಿರುವುದು ಇದೇ.

ತಯಾರಕರು ಯಾವ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ ಎಂಬುದೂ ಗುಟ್ಟೇನಲ್ಲ. ಕಚೇರಿ ಬಳಕೆಯ ಅನೇಕ ಡೆಸ್ಕ್‌ಟಾಪ್‌ಗಳ ಕೈಪಿಡಿಯಲ್ಲಿ ಕೆಲಸದ ತಾಪಮಾನ 10ರಿಂದ 35 ಡಿಗ್ರಿ ಎಂದಿರುತ್ತದೆ. ಪೆಂಟಿಯಂ 4ರ ಕಾವಿಗೆ ಬೇಸತ್ತ ಇಂಟೆಲ್, ಪ್ರೊಸೆಸರ್ ಫ್ಯಾನಿನ ಬಾಯಿಗೆ ಬರುವ ಗಾಳಿ 38 ಡಿಗ್ರಿ ಮೀರಬಾರದೆಂದು ಕ್ಯಾಬಿನೆಟ್ ತಯಾರಕರಿಗೆ ಮಾದರಿ ಹಾಕಿಕೊಟ್ಟಿತು. ಹಳೆಯ ಅಸೆಂಬಲ್ಡ್ ಕ್ಯಾಬಿನೆಟ್‌ಗಳ ಪಕ್ಕದ ಬಾಗಿಲಿಗೆ ಒಳಗಡೆ ಅಂಟಿಕೊಂಡಿರುವ ಪ್ಲಾಸ್ಟಿಕ್ ಕೊಳವೆ ಆ ಮಾದರಿಯದೇ, ಹೊರಗಾಳಿ ನೇರ ಪ್ರೊಸೆಸರ್ ಮೇಲೆ ಬೀಳಲಿ ಎಂದು. ಸರ್ವರ್ ಕೋಣೆಗಳಿಗೆ ಅಮೆರಿಕದ ಆ್ಯಶ್ರೇ ಸಂಸ್ಥೆ ಸೂಚಿಸುವ ತಾಪ 18ರಿಂದ 27 ಡಿಗ್ರಿ. 45 ಡಿಗ್ರಿವರೆಗೆ ತಾಳುವ ಸರ್ವರ್‌ಗಳಿಗೂ ಅದು 2011ರಲ್ಲಿ ಒಂದು ವರ್ಗ ಮಾಡಿತು, ಆದರೆ ಅಂಥ ಸಾಮಾನು ನಮ್ಮ ಮೇಜಿಗೆ ಬರುವುದಲ್ಲ. ಈ ಸೀಮೆಯಲ್ಲಿ ಏಪ್ರಿಲ್-ಮೇ ಹಗಲು 40 ದಾಟುವುದು ಸಾಮಾನ್ಯ. ಪತ್ರಾಸಿನ ಮಾಡಿನ ಕೆಳಗಿನ ಅಂಗಡಿಯೊಳಗೆ ಸಂಜೆಯಾದರೂ ಝಳ ಇಳಿಯುವುದಿಲ್ಲ. ಹೀಗೆ ಹೊಸ ಯಂತ್ರ ಕೂಡ ಕೈಪಿಡಿಯ ಗೆರೆಯ ಹೊರಗೇ ತನ್ನ ದಿನ ಶುರುಮಾಡುತ್ತದೆ.

ಕಿವಿಗೊಟ್ಟರೆ ತಿಳಿಯುವುದು

ನಾರಾಯಣಪೇಟೆಯ ನೇಕಾರನಿಗೆ ಮಗ್ಗದ ಬಡಿತ ತಪ್ಪಿದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಕಂಪ್ಯೂಟರಿನ ಮುಂದೆ ದಿನವಿಡೀ ಕೂರುವವರಿಗೂ ಆ ಕಿವಿ ಬರಬೇಕು, ಯಾಕೆಂದರೆ ಸದ್ದುಗಳು ಒಂದೊಂದೂ ಒಂದೊಂದು ಜಾಗವನ್ನು ತೋರಿಸುತ್ತವೆ.

ಬೆಳಗ್ಗೆ ಮೆತ್ತಗಿದ್ದು ಮಧ್ಯಾಹ್ನಕ್ಕೆ ಏರುವ, ಭಾರದ ಕೆಲಸ ಕೊಟ್ಟಾಗ ಹೆಚ್ಚಿ ಬಿಟ್ಟಾಗ ಇಳಿಯುವ ಗಾಳಿಯ ಸದ್ದು ಆರೋಗ್ಯದ ಸದ್ದೇ. ಫ್ಯಾನ್ ಬಿಸಿಗೆ ತಕ್ಕಂತೆ ಓಡುತ್ತಿದೆ ಎಂದರ್ಥ. ಅದೇ ಸದ್ದು ಏನೂ ಕೆಲಸವಿಲ್ಲದಾಗಲೂ ಇಳಿಯದಿದ್ದರೆ ಮೂರರಲ್ಲಿ ಒಂದು ಕಾರಣ: ಹೀಟ್ ಸಿಂಕ್‌ನಲ್ಲಿ ಧೂಳು, ಒಣಗಿದ ಪೇಸ್ಟ್, ಇಲ್ಲವೇ ತೆರೆಮರೆಯಲ್ಲಿ ಯಾವುದೋ ತಂತ್ರಾಂಶ ಪ್ರೊಸೆಸರನ್ನು ದುಡಿಸುತ್ತಿದೆ.

ಬೆಳಗ್ಗೆ ಚಾಲೂ ಮಾಡಿದೊಡನೆ ಕರಕರ ಎಂದು ಐದು ನಿಮಿಷಕ್ಕೆ ಸುಮ್ಮನಾದರೆ ಫ್ಯಾನಿನ ಬೇರಿಂಗ್ ಒಣಗಿದೆ. ಟಕಟಕ ಎಂದು ಒಂದೇ ಲಯದಲ್ಲಿ ಬಡಿದರೆ ಯಾವುದೋ ವೈರು ಫ್ಯಾನಿನ ರೆಕ್ಕೆಗೆ ತಾಗುತ್ತಿದೆ. ಕ್ಯಾಬಿನೆಟ್ ಮೇಲೆ ಕೈಯಿಟ್ಟರೆ ನಿಲ್ಲುವ ಗಡಗಡ ಸದ್ದು ಸಡಿಲ ಸ್ಕ್ರೂವಿನದು. ಕಿವಿಗೆ ಸೂಜಿಯಂತೆ ಚುಚ್ಚುವ ಸಣ್ಣ ಸಿಳ್ಳು ಮದರ್‌ಬೋರ್ಡ್ ಅಥವಾ ವಿದ್ಯುತ್ ಪೂರೈಸುವ ಡಬ್ಬಿಯ (ಎಸ್‌ಎಂಪಿಎಸ್) ಸುರುಳಿಗಳದು, ಅದರಿಂದ ಕಿರಿಕಿರಿಯೇ ಹೊರತು ಅಪಾಯವಿಲ್ಲ. ಗೂಂ ಎನ್ನುವ ದಪ್ಪ ಸದ್ದು ಎಷ್ಟೋ ಸಲ ಪಕ್ಕದ ಯುಪಿಎಸ್ ಟ್ರಾನ್ಸ್‌ಫಾರ್ಮರಿನದು, ಕಂಪ್ಯೂಟರಿನದೇ ಅಲ್ಲ.

ಕ್ಲಿಕ್, ಕ್ಲಿಕ್ ಎಂದು ತಡೆತಡೆದು ಬರುವ ಸದ್ದು ಮಾತ್ರ ಬೇರೆಯೇ ದರ್ಜೆಯದು. ಅದು ಹಾರ್ಡ್ ಡಿಸ್ಕಿನದಾದರೆ ತಂಪು ಮಾಡುವ ಮಾತು ಬದಿಗಿಟ್ಟು ಮೊದಲು ಫೈಲುಗಳನ್ನು ಬೇರೆಡೆ ನಕಲಿಸಿಕೊಳ್ಳಬೇಕು. ಇನ್ನು ಸದ್ದೇ ಇಲ್ಲದೆ ಬಿಸಿಯಾಗುವ ಯಂತ್ರ ಎಲ್ಲಕ್ಕಿಂತ ಕೆಟ್ಟದ್ದು: ಫ್ಯಾನ್ ನಿಂತಿದೆ.

ಮೊದಲು ಕೋಣೆ

ಮೇಲಿನ ಲೆಕ್ಕದಲ್ಲಿ ಕೋಣೆಯ ತಾಪ 5 ಡಿಗ್ರಿ ಇಳಿದರೆ ಚಿಪ್ಪಿನದೂ ಸರಿಸುಮಾರು ಅಷ್ಟೇ ಇಳಿಯುತ್ತದೆ. ಯಾವ ದುಬಾರಿ ಫ್ಯಾನೂ ಇಷ್ಟು ಸುಲಭವಾಗಿ ಕೊಡದ ಲಾಭ ಇದು. ಪತ್ರಾಸಿಗೋ ಆರ್‌ಸಿಸಿಗೋ ಬಿಳಿ ಸುಣ್ಣ ಅಥವಾ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣ ಬಳಿದರೆ ಒಳಗಿನ ತಾಪ ಕೆಲವು ಡಿಗ್ರಿ ತಗ್ಗುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ಇದಕ್ಕೆಂದೇ ಕೂಲ್ ರೂಫ್ ನೀತಿ ತಂದಿದೆ. ಮಾತು ಹೆಚ್ಚಾಗಿ ಹೈದರಾಬಾದಿನ ಕಟ್ಟಡಗಳದೇ ಆದರೂ ಅದರ ಅಗತ್ಯ ಹೆಚ್ಚು ಇರುವುದು ಹಳ್ಳಿಯ ತಗಡಿನ ಅಂಗಡಿಗೆ.

ಕೋಣೆ ತಂಪಾಗಿಸುವ ನೀರಿನ ಕೂಲರ್ ಈ ಸೀಮೆಗೆ ಹೇಳಿ ಮಾಡಿಸಿದ್ದು. 42 ಡಿಗ್ರಿ ಬಿಸಿಲು, ಗಾಳಿಯಲ್ಲಿ ನೂರಕ್ಕೆ 20ರಷ್ಟು ತೇವ ಇದ್ದಾಗ ಒದ್ದೆ ಬಟ್ಟೆ ಸುತ್ತಿದ ತಾಪಮಾಪಕ ಸುಮಾರು 24 ತೋರಿಸುತ್ತದೆ. ಕೂಲರ್ ಆ ಅಂತರದ ನೂರಕ್ಕೆ 70ರಷ್ಟು ಗಳಿಸಿದರೂ ಹೊರಡುವ ಗಾಳಿ 30ರ ಹತ್ತಿರ ಇರುತ್ತದೆ. ಇದಕ್ಕೆ ಮೂರು ಷರತ್ತು. ಒಂದು, ಎದುರಿನ ಕಿಟಕಿ ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ತೇವ ತುಂಬಿ ಕೂಲರ್ ಬರೀ ಫ್ಯಾನ್ ಆಗುತ್ತದೆ. ಎರಡು, ಗಾಳಿ ಜನರ ಮೇಲೆ ಬೀಳಲಿ, ಕ್ಯಾಬಿನೆಟ್ಟಿಗೆ ನೇರ ಬೀಳಬಾರದು. ಬೋರಿನ ಗಡಸು ನೀರಿನ ಹನಿ ಹಾರಿ ಒಣಗಿದರೆ ಸರ್ಕ್ಯೂಟಿನ ಮೇಲೆ ಉಪ್ಪಿನ ಪದರ ಕೂರುತ್ತದೆ. ಮೂರು, ಮಳೆಗಾಲ ಹಿಡಿದ ಮೇಲೆ ಅದನ್ನು ನಿಲ್ಲಿಸಬೇಕು. ತೇವದ ಗಾಳಿಯಲ್ಲಿ ಅದರ ಉಪಯೋಗವೂ ಇಲ್ಲ.

ಮಾಡಿನ ಫ್ಯಾನ್ ಬೆವರು ಆರಿಸುತ್ತದೆ, ಗಾಳಿಯ ತಾಪ ಇಳಿಸುವುದಿಲ್ಲ. ಮನುಷ್ಯನಿಗೆ ತಂಪೆನಿಸಿತೆಂದು ಕಂಪ್ಯೂಟರಿಗೂ ತಂಪಾಗಿದೆ ಎಂದುಕೊಳ್ಳುವಂತಿಲ್ಲ. ಕಾದ ತಗಡಿನ ಕೆಳಗೆ ಅದು ಮೇಲಿನ ಬಿಸಿಗಾಳಿಯನ್ನೇ ಕೆಳಕ್ಕೆ ತಳ್ಳಬಹುದು. ಏಸಿ ಹಾಕಿಸುವ ಶಾಲೆಗಳು ಒಂದು ಲೆಕ್ಕ ಮಾಡಬೇಕು. 20 ಕಂಪ್ಯೂಟರ್ ತಲಾ 100 ವ್ಯಾಟ್ ಎಂದರೆ 2 ಕಿಲೋವ್ಯಾಟ್. ಕೂತ ವಿದ್ಯಾರ್ಥಿಯೊಬ್ಬನ ಮೈಕಾವು 70ರಿಂದ 100 ವ್ಯಾಟ್, 20 ಮಂದಿಗೆ ಮತ್ತೆ ಒಂದೂವರೆ-ಎರಡು ಕಿಲೋವ್ಯಾಟ್. ಒಂದು ಟನ್ ಏಸಿ ಹೊರಹಾಕುವುದೇ ಸುಮಾರು 3.5 ಕಿಲೋವ್ಯಾಟ್. ಬಿಸಿಲಿನ ಪಾಲು ಸೇರುವ ಮೊದಲೇ ಅದರ ಶಕ್ತಿ ತೀರಿಹೋಗಿರುತ್ತದೆ.

ಹತ್ತಿಯ ನೂಲು, ತೊಗರಿಯ ಹೊಟ್ಟು

ಈ ಸೀಮೆಯ ಧೂಳು ಬೆಂಗಳೂರಿನ ಧೂಳಲ್ಲ. ದಸರೆಯ ಆಚೀಚೆ ಹತ್ತಿ ಬಿಡಿಸುವುದು ಶುರುವಾದರೆ ಸಂಕ್ರಾಂತಿಯ ತನಕ ಹೊಲ, ಬಂಡಿ, ಜಿನ್ನಿಂಗ್ ಮಿಲ್ಲುಗಳಿಂದ ಸಣ್ಣ ಎಳೆಗಳು ಗಾಳಿಗೆ ಹಾರುತ್ತವೆ. ಡಿಸೆಂಬರ್-ಜನವರಿಗೆ ತೊಗರಿ ರಾಶಿಯ ಹೊಟ್ಟು ಸೇರುತ್ತದೆ. ಬರೀ ಮಣ್ಣಿನ ಧೂಳಾದರೆ ಗಾಳಿಗೆ ಸ್ವಲ್ಪವಾದರೂ ಸರಿದೀತು. ಹತ್ತಿಯ ಎಳೆ ಹೀಟ್ ಸಿಂಕ್‌ನ ಹಾಳೆಗಳ ನಡುವೆ ಸಿಕ್ಕಿ ಬಲೆಯಾಗುತ್ತದೆ, ಮಣ್ಣಿನ ಧೂಳು ಆ ಬಲೆಗೆ ಬಿದ್ದು ಕಂಬಳಿಯ ತುಂಡಿನಂತೆ ಹಾಸಿಕೊಳ್ಳುತ್ತದೆ. ದೇವರ ಫೋಟೊದ ಕೆಳಗೆ ಯಂತ್ರವಿದ್ದರೆ ಊದುಬತ್ತಿಯ ಹೊಗೆ ಅದನ್ನು ಇನ್ನಷ್ಟು ಅಂಟಾಗಿಸುತ್ತದೆ. ಈ ಹಾಸು ಕೂರುವುದು ಫ್ಯಾನ್ ಮತ್ತು ಹೀಟ್ ಸಿಂಕ್‌ನ ನಡುವೆ, ಹಾಗಾಗಿ ಬಾಗಿಲು ತೆಗೆದು ನೋಡಿದರೂ ಕಾಣುವುದಿಲ್ಲ. ಹೊರಗಿನಿಂದ ಬ್ಲೋವರ್ ಊದಿದರೆ ಅದು ಇನ್ನೂ ಒಳಕ್ಕೆ ಒತ್ತಿಕೊಳ್ಳುತ್ತದೆ. ಫ್ಯಾನ್ ಬಿಚ್ಚಲೇಬೇಕು.

ಶುಚಿ ಮಾಡುವ ವಿಧಾನಕ್ಕೆ ಹೆಚ್ಚಿನ ವಿದ್ಯೆ ಬೇಡ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಉಳಿದ ವಿದ್ಯುತ್ತು ಇಳಿಸಿ, ಯಂತ್ರವನ್ನು ಅಂಗಳಕ್ಕೆ ಒಯ್ಯಬೇಕು. ಬಣ್ಣ ಬಳಿಯುವ ಮೆದು ಬ್ರಷ್ಷಿನಿಂದ ಧೂಳು ಸಡಿಲಿಸಿ ಆಮೇಲೆ ಊದಬೇಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಬೇಕು, ಇಲ್ಲದಿದ್ದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಹೊರಗಿನಿಂದಷ್ಟೇ ಊದಬೇಕು. ಅದರೊಳಗಿನ ಕೆಪ್ಯಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್ ಮೀರಿದ ವಿದ್ಯುತ್ತು ನಿಂತಿರಬಹುದು. ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಬೋರ್ಡಿಗೆ ತಾಗಿಸುವುದು ಬೇಡ, ಅದರ ಪ್ಲಾಸ್ಟಿಕ್ ಮೂತಿಯಲ್ಲಿ ಸ್ಥಾಯಿ ವಿದ್ಯುತ್ತು ಹುಟ್ಟುತ್ತದೆ.

ಕಾಲ ಯಾವುದು? ಹತ್ತಿ-ತೊಗರಿಯ ಧೂಳು ಮುಗಿದು ಬಿಸಿಲು ಬಲಿಯುವ ಮೊದಲು, ಅಂದರೆ ಯುಗಾದಿಗೆ ಮನೆ ಸಾರಿಸುವ ಹೊತ್ತಿಗೆ ಒಮ್ಮೆ. ಇನ್ನೊಮ್ಮೆ ಆಯುಧಪೂಜೆಗೆ. ಅವತ್ತು ಕ್ಯಾಬಿನೆಟ್ಟಿಗೆ ಹೂವು, ಕುಂಕುಮ ಏರುವ ಮೊದಲು ಅದರ ಒಳಗೂ ಬ್ರಷ್ ಆಡಲಿ. ಹಿಂಬದಿಯ ಖಾಲಿ ಸ್ಲಾಟುಗಳಿಗೆ ತಗಡಿನ ಪಟ್ಟಿ ಹಾಕಿದರೆ ಇಲಿ, ಜಿರಲೆ, ಇರುವೆಗಳ ದಾರಿಯೂ ಮುಚ್ಚುತ್ತದೆ.

ಗಾಳಿಗೊಂದು ದಾರಿ

ಕಂಪ್ಯೂಟರ್ ಟೇಬಲ್ಲಿನಲ್ಲಿ ಸಿಪಿಯುಗೆಂದೇ ಮಾಡಿರುವ ಗೂಡು ಈ ದೇಶದ ಬಡಗಿಗಳೂ ಫರ್ನಿಚರ್ ಅಂಗಡಿಗಳೂ ಕೂಡಿ ಮಾಡಿದ ತಪ್ಪು. ಮೂರು ಕಡೆ ಹಲಗೆ, ಹಿಂದೆ ಗೋಡೆ. ಹೊರಹಾಕಿದ ಬಿಸಿಗಾಳಿ ಹೋಗಲು ಜಾಗವಿಲ್ಲದೆ ತಿರುಗಿ ಮುಂದಿನಿಂದ ಒಳಗೇ ಬರುತ್ತದೆ. ಕ್ಯಾಬಿನೆಟ್ಟನ್ನು ಗೂಡಿನಿಂದ ತೆಗೆದು, ನೆಲದಿಂದ ಒಂದಡಿ ಎತ್ತರದ ಸ್ಟೂಲಿನ ಮೇಲೆ, ಹಿಂದೆ ಗೋಡೆಗೂ ಅದಕ್ಕೂ ಒಂದು ಗೇಣು ಜಾಗ ಬಿಟ್ಟು ಇಟ್ಟರೆ ಖರ್ಚಿಲ್ಲದೆ ಹಲವು ಡಿಗ್ರಿ ಉಳಿಯುತ್ತದೆ. ಬಟ್ಟೆಯ ಇಲ್ಲವೇ ಪ್ಲಾಸ್ಟಿಕ್ಕಿನ ಹೊದಿಕೆ ರಾತ್ರಿಗೆ ಒಳ್ಳೆಯದು. ಯಂತ್ರ ಓಡುವಾಗ ಅದರ ಒಂದು ಅಂಚೂ ಜಾಲರಿಯ ಮೇಲೆ ಇರಬಾರದು.

ಬಾಗಿಲು ತೆಗೆದಿಟ್ಟು ಓಡಿಸುವ ರೂಢಿಯ ಬಗ್ಗೆ ವಾದವಿದೆ. ಒಂದೂ ಹೆಚ್ಚುವರಿ ಫ್ಯಾನ್ ಇಲ್ಲದ ಅಗ್ಗದ ಕ್ಯಾಬಿನೆಟ್ಟಿನಲ್ಲಿ ಅದರಿಂದ ತಾಪ ಇಳಿಯುವುದು ನಿಜ. ಮುಂದಿನಿಂದ ಗಾಳಿ ಎಳೆದು ಹಿಂದಿನಿಂದ ಬಿಡುವ ಫ್ಯಾನ್‌ಗಳಿರುವ ಕ್ಯಾಬಿನೆಟ್ಟಿನಲ್ಲಿ ಆ ಹರಿವು ಮುರಿದು ಲಾಭ ಕಡಿಮೆಯಾಗುತ್ತದೆ. ಎರಡರಲ್ಲೂ ಧೂಳು ದುಪ್ಪಟ್ಟು. ಪರೀಕ್ಷೆಗಾಗಿ ಬಾಗಿಲು ತೆಗೆದು ನೋಡಬಹುದು: ತಾಪ 10 ಡಿಗ್ರಿ ಇಳಿದರೆ ರೋಗ ಪ್ರೊಸೆಸರಿನದಲ್ಲ, ಕ್ಯಾಬಿನೆಟ್ಟಿನ ಗಾಳಿಯದು ಎಂದು ಗೊತ್ತಾಗುತ್ತದೆ. ಆಗ ಬೇಕಾದದ್ದು ಹಿಂದೊಂದು, ಮುಂದೊಂದು ಫ್ಯಾನ್.

ಆ ಫ್ಯಾನ್ ಆರಿಸುವಾಗ ಒಂದು ಲೆಕ್ಕ ನೆನಪಿದ್ದರೆ ಸಾಕು. ಫ್ಯಾನಿನ ವೇಗ ಎರಡರಷ್ಟಾದರೆ ಗಾಳಿ ಎರಡರಷ್ಟು, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಹೆಚ್ಚು. 10 ಡೆಸಿಬೆಲ್ ಏರಿದರೇ ಕಿವಿಗೆ ಸದ್ದು ಎರಡು ಪಟ್ಟು ಅನಿಸುತ್ತದೆ. ಅದೇ ಎರಡು ಫ್ಯಾನ್ ಜೋಡಿಸಿದರೆ ಏರುವುದು 3 ಡೆಸಿಬೆಲ್ ಅಷ್ಟೇ. ಒಂದು ಫ್ಯಾನ್ ಪೂರ್ತಿ ವೇಗದಲ್ಲಿ ಕೂಗುವ ಬದಲು ಎರಡು ಫ್ಯಾನ್ ನೂರಕ್ಕೆ 70ರ ವೇಗದಲ್ಲಿ ಓಡಿದರೆ, ಅಡ್ಡಿಯಿಲ್ಲದ ದಾರಿಯಲ್ಲಿ ಗಾಳಿ ನೂರಕ್ಕೆ 40 ಹೆಚ್ಚು, ಸದ್ದು ನಾಲ್ಕೈದು ಡೆಸಿಬೆಲ್ ಕಡಿಮೆ. 80 ಮಿಲಿಮೀಟರಿಗಿಂತ 120 ಮಿಲಿಮೀಟರಿನ ಫ್ಯಾನ್ ಮೆತ್ತಗೆ ತಿರುಗಿಯೂ ಅಷ್ಟೇ ಗಾಳಿ ಕೊಡುತ್ತದೆ. ನಾಲ್ಕು ಪಿನ್ನಿನದನ್ನು ಕೊಂಡರೆ ಮದರ್‌ಬೋರ್ಡ್ ಅದರ ವೇಗವನ್ನು ಬಿಸಿಗೆ ತಕ್ಕಂತೆ ಏರಿಸಿ ಇಳಿಸಬಲ್ಲದು.

ಹೊರೆ ಇಳಿಸುವುದು

ಪ್ರೊಸೆಸರ್ ನುಂಗುವ ವಿದ್ಯುತ್ತು ಅದರ ವೇಗಕ್ಕೂ, ವೋಲ್ಟೇಜಿನ ವರ್ಗಕ್ಕೂ ತಕ್ಕಂತೆ ಏರುತ್ತದೆ. ಕೊನೆಯ ಸ್ವಲ್ಪ ವೇಗಕ್ಕೆ ತೆರುವ ಕಾವು ಬಲು ದುಬಾರಿ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು ನೂರರಿಂದ 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ ನಿಲ್ಲುತ್ತದೆ. ಅರ್ಜಿ ತುಂಬುವ, ಟೈಪ್ ಮಾಡುವ, ಬಿಲ್ ಹಾಕುವ ಕೆಲಸದಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣದು, ಫ್ಯಾನಿನ ಸದ್ದಿನಲ್ಲಿ ಕಾಣುತ್ತದೆ. ಬೇಸಿಗೆಯ ಮೂರು ತಿಂಗಳಿಗೆ ಇದಕ್ಕಿಂತ ಅಗ್ಗದ ಮದ್ದಿಲ್ಲ.

ಯಾವ ಕೆಲಸವೂ ಇಲ್ಲದಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಳಕೆ ಬಹಳ ಹೊತ್ತು ಅರ್ಧಕ್ಕೂ ಮೇಲೆ ನಿಂತರೆ ಅನುಮಾನಿಸಬೇಕು. ಒಂದರ ಮೇಲೊಂದು ಹಾಕಿದ ಎರಡು ಆಂಟಿವೈರಸ್ ಇರಬಹುದು, ಕಳ್ಳ ತಂತ್ರಾಂಶದ ಬೆನ್ನಿಗೆ ಬಂದು ಬೇರೆಯವರಿಗಾಗಿ ಕ್ರಿಪ್ಟೊ ನಾಣ್ಯ ಅಗೆಯುವ ವೈರಸ್ ಇರಬಹುದು. ಅಂಗಡಿಯವರು ವಿಂಡೋಸ್ ಹೊಸದಾಗಿ ಹಾಕಿದಾಗ ಕೆಲವೊಮ್ಮೆ ನಿಜವಾಗಿಯೂ ತಂಪಾಗುವುದು ಇದಕ್ಕೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಳೆಯ ಯಂತ್ರಗಳಿಗೆ ಹಗುರ ಲಿನಕ್ಸ್ ಹಾಕುವುದೂ ಯೋಚಿಸಬೇಕಾದ ದಾರಿ.

ಕೊನೆಗೆ ಬಿಡಿಭಾಗ

ಚಿಪ್ ಮತ್ತು ಹೀಟ್ ಸಿಂಕ್ ನಡುವಿನ ಪೇಸ್ಟ್ ಕೆಲವು ವರ್ಷಕ್ಕೆ ಒಣಗಿ ಪುಡಿಯಾಗುತ್ತದೆ. ಅದರ ಕೆಲಸ ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಗಾಳಿಯ ಸಂದುಗಳನ್ನು ತುಂಬುವುದು. ಆದ್ದರಿಂದ ತೆಳುವಾಗಿದ್ದಷ್ಟೂ ಒಳ್ಳೆಯದು, ಬಟಾಣಿ ಗಾತ್ರದ ಒಂದು ಹನಿ ಸಾಕು. ಟೂತ್‌ಪೇಸ್ಟ್ ಹಚ್ಚಿದರೂ ನಡೆಯುತ್ತದೆ ಎನ್ನುವವರಿದ್ದಾರೆ. ಅದರ ನೀರು ಆರುವ ತನಕ ನಡೆಯುತ್ತದೆ, ಬಿಸಿಯ ಮೇಲೆ ಅದು ಬೇಗನೇ ಆರುತ್ತದೆ. ಕರಕರ ಎನ್ನುವ ಫ್ಯಾನಿಗೆ ಹೊಲಿಗೆ ಯಂತ್ರದ ಎಣ್ಣೆಯ ಹನಿ ಬಿಟ್ಟರೆ ಕೆಲವು ತಿಂಗಳು ತಳ್ಳಬಹುದು. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಧೂಳಿಗೆ ಅಂಟಾಗುತ್ತದೆ, ಅದು ಬೇಡ.

ಎಸ್‌ಎಂಪಿಎಸ್ ವಿಷಯದಲ್ಲಿ ಜಿಪುಣತನ ಸಲ್ಲದು. ಲೈನಿನ ಕೊನೆಯ ಊರುಗಳಲ್ಲಿ ವೋಲ್ಟೇಜ್ ಕುಸಿದಾಗ ಅದು ಅಷ್ಟೇ ಕೆಲಸಕ್ಕೆ ಹೆಚ್ಚು ಕರೆಂಟ್ ಎಳೆದು ತಾನೂ ಕಾಯುತ್ತದೆ. ಅದರಲ್ಲೂ ಮದರ್‌ಬೋರ್ಡಿನಲ್ಲೂ ಇರುವ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್‌ಗಳ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ತಲೆ ಉಬ್ಬಿದ ಕೆಪ್ಯಾಸಿಟರ್ ಕಂಡರೆ ಎಷ್ಟು ಫ್ಯಾನ್ ಹಾಕಿದರೂ ಫಲವಿಲ್ಲ. ಇನ್ನು ಪ್ರೊಸೆಸರಿಗೆ ನೀರು ಹರಿಸುವ ಕೂಲರ್: ಅದರ ರೇಡಿಯೇಟರೂ ಅದೇ 42 ಡಿಗ್ರಿಯ ಗಾಳಿಗೇ ಮೈ ಒಡ್ಡಬೇಕು, ಜೊತೆಗೆ ಕೆಡಲು ಒಂದು ಪಂಪು ಹೆಚ್ಚು. ಅಂಗಡಿ-ಶಾಲೆಯ ಯಂತ್ರಕ್ಕೆ ಅದು ವ್ಯರ್ಥ. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕುವುದು ಮಾತ್ರ ಕೊಟ್ಟ ಹಣಕ್ಕೆ ಮೋಸವಿಲ್ಲ. ನಿಮಿಷಕ್ಕೆ 7,200 ಸಲ ತಿರುಗುವ ತಟ್ಟೆಯ ಸದ್ದೂ ಕಾವೂ ಹೋಗುತ್ತದೆ, ವೇಗವೂ ಬರುತ್ತದೆ.

ಕೊಳ್ಳುವವರ ಜವಾಬ್ದಾರಿ

ಹೊಸದು ಕೊಳ್ಳುವುದಾದರೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋದರೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೂ ದೊಡ್ಡ ಕ್ಯಾಬಿನೆಟ್, ಹೆಚ್ಚು ವ್ಯಾಟ್ ಎಂಬ ಮೋಹ ಬಿಡಬೇಕು. 35 ವ್ಯಾಟ್ ಪ್ರೊಸೆಸರಿನ ಪುಟ್ಟ ಡೆಸ್ಕ್‌ಟಾಪ್‌ಗಳು ಅರ್ಜಿ ತುಂಬುವ ಕೆಲಸಕ್ಕೆ ಧಾರಾಳವಾಗಿ ಸಾಕು. ಹುಟ್ಟಿಸದ ಕಾವನ್ನು ಹೊರಹಾಕಬೇಕಾಗಿಲ್ಲ. ಈ ಯೋಚನೆ ನಮ್ಮ ಕಡೆ ಹೊಸದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎಂಜಿನಿಯರುಗಳೂ ಸೇರಿ 2001ರಲ್ಲಿ ತೋರಿಸಿದ ಸಿಂಪ್ಯೂಟರ್, ಮೊಬೈಲ್ ಬಗೆಯ ಕಡಿಮೆ ವಿದ್ಯುತ್ತಿನ ಚಿಪ್ ಬಳಸಿ, ಫ್ಯಾನಿಲ್ಲದೆ, ಹಳ್ಳಿಯವರ ಅಂಗೈಗೆಂದು ರೂಪಿಸಿದ ಯಂತ್ರ. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ, ಅದರ ತರ್ಕ ಸೋಲಲಿಲ್ಲ. ಆದರೂ ಒಂದು ಎಚ್ಚರಿಕೆ: ಫ್ಯಾನಿಲ್ಲದ ಇಂದಿನ ಪೆಟ್ಟಿಗೆಗಳು ಪೂರ್ತಿಯಾಗಿ ಕೋಣೆಯನ್ನೇ ನಂಬಿರುತ್ತವೆ. ಕಾದ ಕೋಣೆಯಲ್ಲಿ ಅವು ಸದ್ದಿಲ್ಲದೆ ನಿಧಾನವಾಗುತ್ತವೆ. ಸಣ್ಣದೊಂದು ಫ್ಯಾನ್ ಇರುವ ಮಾದರಿಯೇ ಈ ಸೀಮೆಗೆ ವಾಸಿ.

ಸರ್ಕಾರಿ ಯಂತ್ರಗಳ ಮಾತು ಬೇರೆ. ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ಕರ್ನಾಟಕದ ಭೂಮಿ ಯೋಜನೆ 2000-01ರ ಹೊತ್ತಿಗೆ ತಾಲೂಕು ಕಚೇರಿಗಳಿಗೆ ಕಂಪ್ಯೂಟರ್ ತಂದಿತು. ಅವಿಭಜಿತ ಆಂಧ್ರದಲ್ಲಿ 2011ರಲ್ಲಿ ಶುರುವಾದ ಮೀಸೇವಾ ಮಂಡಲ ಕೇಂದ್ರಗಳಿಗೂ ಹಳ್ಳಿಗಳಿಗೂ ಇಳಿಯಿತು. ಹಿಂದೆ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗುವ, ಕಿಟಕಿ ಮುಚ್ಚಿಡುವ ಶಿಸ್ತಿತ್ತು. ಚಪ್ಪಲಿ ಬಿಡುವುದು ಈಗಲೂ ಸರಿ. ಏಸಿ ಇಲ್ಲದೆ, ಇದ್ದರೂ ಕರೆಂಟ್ ಇಲ್ಲದೆ ಕಿಟಕಿ ಮುಚ್ಚುವುದು ಮಾತ್ರ ಯಂತ್ರಗಳನ್ನು ಬೇಯಿಸಿದಂತೆ. ಖರೀದಿಯ ಟೆಂಡರಿನಲ್ಲಿ ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು ಎಂದು ಕೇಳುವವರು ಎಷ್ಟು ಡಿಗ್ರಿಯ ಕೋಣೆಯಲ್ಲಿ ಓಡಬೇಕು ಎಂಬುದನ್ನೂ ಬರೆಯಬೇಕು. ವಾರ್ಷಿಕ ನಿರ್ವಹಣೆಯ ಕರಾರಿನಲ್ಲಿ ಕೆಟ್ಟಾಗ ಬರುವುದಷ್ಟೇ ಅಲ್ಲ, ಯುಗಾದಿಗೆ ಮೊದಲೊಮ್ಮೆ ಬಿಚ್ಚಿ ಶುಚಿ ಮಾಡುವುದೂ ಇರಬೇಕು.

ಒಂದೆರಡು ಯಂತ್ರದ ಮಾಲೀಕರಿಗೆ ಇಷ್ಟು ದೊಡ್ಡ ಕಾಗದ ಬೇಡ, ಒಂದು ಅಂಕಿ ಸಾಕು. ಕೋರ್ ಟೆಂಪ್, ಎಚ್‌ಡಬ್ಲ್ಯು ಮಾನಿಟರ್‌ನಂಥ ಪುಟ್ಟ ತಂತ್ರಾಂಶ ಹಾಕಿ, ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಪ್ರೊಸೆಸರ್ ಎಷ್ಟು ಡಿಗ್ರಿ ತೋರಿಸುತ್ತದೆ, ಕೋಣೆ ಎಷ್ಟು ಡಿಗ್ರಿ ಇದೆ ಎಂದು ಎರಡನ್ನೂ ಬರೆದಿಟ್ಟುಕೊಳ್ಳಬೇಕು. ರಿಪೇರಿ ಆದ ಮೇಲೆ ಅದೇ ಹೊತ್ತಿಗೆ, ಅದೇ ಕೆಲಸ ಕೊಟ್ಟು ಮತ್ತೆ ನೋಡಬೇಕು. ಪ್ರೊಸೆಸರಿಗೂ ಕೋಣೆಗೂ ನಡುವಿನ ಅಂತರ ಇಳಿದಿದ್ದರೆ ಕೊಟ್ಟ ಹಣ ಸಾರ್ಥಕ. ಅಂತರ ಅಷ್ಟೇ ಇದ್ದರೆ ಅಂಗಡಿಯವರು ಏನೇ ಬಿಲ್ ಬರೆದಿರಲಿ, ಯಂತ್ರಕ್ಕೆ ಚಿಕಿತ್ಸೆ ಇನ್ನೂ ಆಗಿಲ್ಲ.